ಮಕ್ಕಳ ಎದೆಬಡಿತ ತಾಳ ತಪ್ಪಿದಾಗ

ಓಡುತ್ತಿದ್ದ ಹುಡುಗ ಹಠಾತ್ತನೆ ಕುಸಿದುಬಿದ್ದು, ಎಚ್ಚರ ತಪ್ಪಿ, ಕೈಕಾಲು ಅದುರಿಸಿದನೆನ್ನಿ. ಒಬ್ಬರು ಅವನ ಕೈಗೆ ಬೀಗದಕೈಯ ಗೊಂಚಲು ಹಿಡಿಸುತ್ತಾರೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮೂರ್ಛೆರೋಗವೆಂದು ತೀರ್ಮಾನವೂ ಆಗಿಹೋಗುತ್ತದೆ. ಅದು ನಿಜವಿರಬಹುದು. ಆದರೆ ಕೆಲವು ಮಕ್ಕಳಲ್ಲಿ ದೋಷವಿರುವುದು ಮೆದುಳಿನಲ್ಲಲ್ಲ, ಹೃದಯದ ತಾಳದಲ್ಲಿ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಪುಟ್ಟ ಗಂಟಿನಿಂದ ಹೊರಡುವ ವಿದ್ಯುತ್ ಪ್ರೇರಣೆಯೇ ಪ್ರತಿಯೊಂದು ಬಡಿತಕ್ಕೂ ಮೂಲ. ದೊಡ್ಡವರ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಬಡಿದರೆ, ಎಳೆಗೂಸಿನದು 100ರಿಂದ 160 ಸಲ ಬಡಿಯುವುದುಂಟು. ಉಸಿರೆಳೆದುಕೊಂಡಾಗ ನಾಡಿ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದೂ ಮಕ್ಕಳಲ್ಲಿ ಸಹಜವೇ, ಅದಕ್ಕೆ ಹೆದರಬೇಕಾದ್ದಿಲ್ಲ.

ಹಾಗಾದರೆ ಯಾವುದಕ್ಕೆ ಗಮನ ಕೊಡಬೇಕು? ಕೆಲವು ಮಕ್ಕಳಲ್ಲಿ ವಿದ್ಯುತ್ ಪ್ರೇರಣೆ ಅಡ್ಡದಾರಿ ಹಿಡಿದು ಸುತ್ತತೊಡಗುತ್ತದೆ. ಆಗ ಶಿಶುವಿನ ಎದೆ ನಿಮಿಷಕ್ಕೆ 220ಕ್ಕಿಂತಲೂ ಹೆಚ್ಚು ಸಲ ಬಡಿಯುತ್ತದೆ. ಜ್ವರದಲ್ಲೂ ಬಡಿತ ಏರುತ್ತದೆ, ನಿಜ. ಆದರೆ ಆಗ ಮಗು ಅತ್ತರೆ ಹೆಚ್ಚಿ, ಸಮಾಧಾನವಾದರೆ ಇಳಿಯುತ್ತದೆ. ಅಡ್ಡದಾರಿಯ ಬಡಿತ ಹಾಗಲ್ಲ: ಥಟ್ಟನೆ ಆರಂಭವಾಗಿ, ಒಂದೇ ವೇಗದಲ್ಲಿ ನಡೆದು, ಥಟ್ಟನೆ ನಿಲ್ಲುತ್ತದೆ. ಮಾತು ಬಾರದ ಕೂಸು ಹಾಲು ಕುಡಿಯದೆ, ಬಿಳಿಚಿಕೊಂಡು, ಬೆವರಿ, ಮೇಲುಸಿರು ಬಿಡುತ್ತದೆ. ದೊಡ್ಡ ಮಗುವಾದರೆ ಎದೆ ಡವಡವ ಎನ್ನುತ್ತದೆ, ತಲೆ ಸುತ್ತುತ್ತದೆ ಎಂದು ತಾನೇ ಹೇಳುತ್ತದೆ.

ಇನ್ನೊಂದು ಬಗೆ ಇದಕ್ಕಿಂತ ಗೂಢವಾದುದು. 1957ರಲ್ಲಿ ಯರ್ವೆಲ್ ಮತ್ತು ಲಾಂಗೆ-ನೀಲ್ಸೆನ್ ಎಂಬ ವೈದ್ಯರು ನಾರ್ವೆಯ ಒಂದು ಕುಟುಂಬವನ್ನು ವರ್ಣಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಗಿವುಡರು. ಅವರಿಗೆ ಆಗಾಗ್ಗೆ ಎಚ್ಚರ ತಪ್ಪುತ್ತಿತ್ತು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡರು. ಹೃದಯದ ವಿದ್ಯುತ್ ಆಲೇಖ್ಯದಲ್ಲಿ, ಅಂದರೆ ಇ.ಸಿ.ಜಿ.ಯಲ್ಲಿ, ಕ್ಯೂ-ಟಿ ಎಂಬ ಅಂತರ ಉದ್ದವಾಗಿತ್ತು. ಕಿವುಡುತನವಿಲ್ಲದೆಯೂ ಈ ದೋಷ ಬರುವುದುಂಟು. ಕಿವುಡಿನೊಡನೆ ಬರುವ ಬಗೆಯು ತಾಯಿತಂದೆ ಇಬ್ಬರಿಂದಲೂ ಇಳಿದುಬರುವಂಥದು; ಆದ್ದರಿಂದ ರಕ್ತಸಂಬಂಧದ ಮದುವೆಗಳು ನಡೆಯುವ ನಮ್ಮ ನಾಡಿನಲ್ಲಿ ಇದನ್ನು ಮರೆಯಬಾರದು.

ಓಡುವಾಗ, ಈಜುವಾಗ, ಬೆಚ್ಚಿದಾಗ ಎಚ್ಚರ ತಪ್ಪಿದರೆ, ಅಥವಾ ಮನೆತನದಲ್ಲಿ ಚಿಕ್ಕವಯಸ್ಸಿನವರು ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ ಇ.ಸಿ.ಜಿ. ಮಾಡಿಸಿರಿ. ಈ ಪರೀಕ್ಷೆಯಿಂದ ಮಗುವಿಗೆ ನೋವಿಲ್ಲ. ಕೆಲವು ನಿಮಿಷದ ಕೆಲಸ. ಇದನ್ನು ಬಳಕೆಗೆ ತಂದ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂದಿತು. ಒಮ್ಮೆ ತೆಗೆದ ಆಲೇಖ್ಯದಲ್ಲಿ ದೋಷ ಕಾಣದಿದ್ದರೆ, ಇಡೀ ದಿನದ ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರವುಂಟು. ಎದೆ ಡವಗುಟ್ಟುವಾಗ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ಬಿದ್ದ ಮಗು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಬೀಗದಕೈ ಹುಡುಕುತ್ತ ಕೂರಬೇಡಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಿರಿ; ಇನ್ನೊಬ್ಬರು 108ಕ್ಕೆ ಕರೆಮಾಡಲಿ.

ಇವುಗಳಿಗೆ ಚಿಕಿತ್ಸೆಯುಂಟು. ಅಡ್ಡದಾರಿಯನ್ನು ತೆಳುನಳಿಕೆಯ ಮೂಲಕ ಸುಟ್ಟು ಮುಚ್ಚಬಹುದು. ಕ್ಯೂ-ಟಿ ದೋಷದ ಅನೇಕ ಮಕ್ಕಳನ್ನು ದಿನವೂ ಕೊಡುವ ಮಾತ್ರೆಯೇ ಕಾಯುತ್ತದೆ. ದೋಷವನ್ನು ಮೊದಲು ಗುರುತಿಸಬೇಕು, ಅಷ್ಟೇ. ಆ ಗುರುತು ಎಷ್ಟೋ ಸಲ ದೊರೆಯುವುದು ತಾಯಿತಂದೆಗಳ ಕಣ್ಣಿಗೇ.