ಬಲೂನು ಬಿಡೋ ಮೊದಲು ಮಾಡೋ ಕೆಲಸ

ಇವತ್ತಿನ ಕಂತು ಒಂದು ಪುಟ್ಟ ಡಬ್ಬಿ ಬಗ್ಗೆ. ಉದ್ದ, ಅಗಲ 15 ಸೆಂಟಿಮೀಟರ್, ಎತ್ತರ 30, ತೂಕ 3 ಕಿಲೋ ಮೀರಂಗಿಲ್ಲ. ಅಮೆರಿಕದ ಹ್ಯಾಸ್ಪ್ ಅನ್ನೋ ಬಲೂನ್ ಯೋಜನೆಯಲ್ಲಿ ವಿದ್ಯಾರ್ಥಿ ತಂಡಗಳ ಚಿಕ್ಕ ಪೇಲೋಡಿಗೆ ಬಹುಕಾಲ ಇದ್ದ ಅಳತೆ ಇದು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ಮತ್ತು ನಾಸಾ ಸೇರಿ ಶುರು ಮಾಡಿದ ಯೋಜನೆ, ಮೊದಲ ಹಾರಾಟ 2006ರಲ್ಲಿ. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಅನ್ನೋ ಊರಿಂದ ಹೀಲಿಯಂ ಬಲೂನು ಈ ಡಬ್ಬಿಗಳನ್ನ ಸುಮಾರು 36 ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತೆ. ನಾವು ಕೂರೋ ವಿಮಾನ ಹಾರೋದು 11ರ ಆಸುಪಾಸು, ನೆನಪಿರಲಿ.

ಈಗ ಆ ಡಬ್ಬಿಯಲ್ಲಿ ಬಿಸಿಲಿನ ಅತಿನೇರಳೆ ಕಿರಣ, ಅಂದ್ರೆ ಯುವಿ ಅಳೀಬೇಕು ಅಂತಿಟ್ಕೊಳ್ಳಿ. ಸನ್‌ಸ್ಕ್ರೀನ್ ಬಾಟಲಿ ಮೇಲೆ ನೋಡಿರ್ತೀರಿ, ಯುವಿ-ಎ, ಯುವಿ-ಬಿ ಅಂತ. 315ರಿಂದ 400 ನ್ಯಾನೋಮೀಟರ್ ವರೆಗಿನದು ಎ, 280ರಿಂದ 315ರದು ಬಿ. ಓಝೋನ್ ತಡೆಯೋದು ಮುಖ್ಯವಾಗಿ ಬಿಯನ್ನ. ಎ ಹೆಚ್ಚುಕಮ್ಮಿ ಹಾಗೇ ಕೆಳಗಿಳಿಯುತ್ತೆ. ಓಝೋನ್ ದಟ್ಟವಾಗಿರೋದು 20ರಿಂದ 25 ಕಿಲೋಮೀಟರ್ ಸುತ್ತಮುತ್ತ. ಹಾಗಾಗಿ ಬಲೂನು ಆ ಪದರ ದಾಟ್ತಾ ಹೋದ ಹಾಗೆ ಬಿ ಏರಬೇಕು. ಆ ಏರಿಕೆಯನ್ನ ನೋಡಿ ಓಝೋನ್ ಎಲ್ಲೆಲ್ಲಿ ಎಷ್ಟಿದೆ ಅಂತ ಲೆಕ್ಕ ಹಾಕಬಹುದು. 1934ರಲ್ಲೇ ಜರ್ಮನಿಯ ಎರಿಕ್ ರೆಗನರ್ ಮತ್ತು ಅವರ ಮಗ ವಿಕ್ಟರ್ ಬಲೂನಿಗೆ ಸ್ಪೆಕ್ಟ್ರೋಗ್ರಾಫ್ ಕಟ್ಟಿ ಇದನ್ನ ಮಾಡಿದ್ರು. ಸೂರ್ಯನ ಯುವಿ ಪಟ್ಟಿಯನ್ನ ಫೋಟೋ ತೆಗೆದು! ಫೋನಿಲ್ಲ, ಜಿಪಿಎಸ್ ಇಲ್ಲ.

ಕೇಳೋಕೆ ಸಲೀಸು: ಸೆನ್ಸರ್ ಅಂಟಿಸು, ಹಾರಿಸು, ಗ್ರಾಫ್ ಬಿಡಿಸು. ಆದ್ರೆ ಆ ಗ್ರಾಫ್ ಮೇಲೇರಿದ್ದು ಓಝೋನಿನಿಂದಲೇ ಅಂತ ಹೇಗೆ ನಂಬೋದು? ತಯಾರಿಯ ಬಹುಪಾಲು ಇರೋದು ಈ ಒಂದು ಪ್ರಶ್ನೆಯಲ್ಲಿ.

ಮೊದಲನೇ ಅನುಮಾನ ಬೆಳಕಿನ ಸೋರಿಕೆ. ವಾತಾವರಣದ ಆಚೆಗೂ ಸೂರ್ಯನ ಒಟ್ಟು ಶಕ್ತಿಯಲ್ಲಿ ಯುವಿ-ಬಿ ಪಾಲು 100ಕ್ಕೆ 2ಕ್ಕಿಂತ ಕಮ್ಮಿ. ನಿಮ್ಮ ಸೆನ್ಸರ್ ಕಣ್ಣಿಗೆ ಕಾಣೋ ಬೆಳಕನ್ನೂ ಚೂರು ಒಳಗೆ ಬಿಟ್ಕೊಂಡ್ರೆ ಮುಗೀತು. ನಾನು ಬಿ.ಕಾಂ. ಮಾಡಿದವನು, ನನಗೆ ಇದು ಹೀಗೆ ಕಾಣುತ್ತೆ: ಯಾರದೋ ದುಡ್ಡು ನಿಮ್ಮ ಖಾತೆಗೆ ಬಂದು ಬಿದ್ದಿದೆ, ನೀವು ಅದನ್ನ ಲಾಭ ಅಂತ ಬರ್ಕೊಂಡಿದೀರಿ. ಪತ್ತೆ ಮಾಡೋಕೆ ಲಕ್ಷಾಂತರ ರೂಪಾಯಿ ಉಪಕರಣ ಬೇಡ. ಬಿಸಿಲಲ್ಲಿ ಸೆನ್ಸರ್ ಮುಂದೆ ಸಾಮಾನ್ಯ ಕಿಟಕಿ ಗಾಜು ಹಿಡೀರಿ. ಗಾಜು ಯುವಿ-ಬಿಯ ಬಹುಪಾಲನ್ನ ತಡೆಯುತ್ತೆ. ಆದ್ರೂ ರೀಡಿಂಗ್ ಬೀಳಲಿಲ್ಲ ಅಂದ್ರೆ ನೀವು ಅಳೀತಿರೋದು ಬೇರೇನನ್ನೋ. ಇದೇ ಕಾರಣಕ್ಕೆ ಡಬ್ಬಿಯ ಕಿಟಕಿಗೂ ಮಾಮೂಲಿ ಗಾಜು ಹಾಕೋ ಹಾಗಿಲ್ಲ, ಕ್ವಾರ್ಟ್ಜ್ ಬೇಕು.

ಎರಡನೇದು ಇನ್ನೂ ಮೋಸದ್ದು. ಬೆಳಿಗ್ಗೆ ಬಿಟ್ಟ ಬಲೂನು ಮೇಲೆ ಮುಟ್ಟೋಕೆ ಸುಮಾರು 2 ಗಂಟೆ ಬೇಕು. ಅಷ್ಟರಲ್ಲಿ ಸೂರ್ಯನೂ ಏರಿರ್ತಾನೆ! ಬಲೂನು ನೆಲದಲ್ಲೇ ಇದ್ದಿದ್ರೂ ರೀಡಿಂಗ್ ಏರ್ತಿತ್ತು. ಸಾಲದ್ದಕ್ಕೆ ಡಬ್ಬಿ ತೂಗಾಡುತ್ತೆ, ತಿರುಗುತ್ತೆ. ಸೆನ್ಸರ್ ಒಂದ್ಸಲ ಸೂರ್ಯನ ಕಡೆ, ಇನ್ನೊಂದ್ಸಲ ಆಚೆ. ಓರೆ ಬೆಳಕನ್ನೂ ಸರಿಯಾಗಿ ಲೆಕ್ಕಕ್ಕೆ ತಗೊಳ್ಳಲಿ ಅಂತ ಸೆನ್ಸರ್ ಮೇಲೆ ಟೆಫ್ಲಾನಿನ ತೆಳು ಬಿಲ್ಲೆ ಇಡ್ತಾರೆ. ನನ್ನ ಪ್ರಕಾರ ಅದಕ್ಕಿಂತ ಜಾಣ ಉಪಾಯ ಬೇರೆ ಇದೆ: ಒಂದಲ್ಲ, ಎರಡು ಸೆನ್ಸರ್ ಅಕ್ಕಪಕ್ಕ ಕಟ್ಟೋದು, ಒಂದು ಬಿಗೆ, ಒಂದು ಎಗೆ. ಡಬ್ಬಿ ವಾಲಿದ್ರೆ ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಇಳಿಯುತ್ವೆ. ಬಿಯನ್ನ ಎಯಿಂದ ಭಾಗಿಸಿದ್ರೆ ತೂಗಾಟದ ಬಹುಪಾಲು ಅಳಿಸಿ ಹೋಗುತ್ತೆ, ಓಝೋನಿನ ಗುರುತು ಉಳಿಯುತ್ತೆ. ಸೂರ್ಯ ಕೆಳಗಿದ್ದಾಗ ಬೆಳಕು ಓಝೋನಿನಲ್ಲಿ ಓರೆಯಾಗಿ, ಹೆಚ್ಚು ದೂರ ಸಾಗುತ್ತಲ್ಲ, ಅದನ್ನ ಮಾತ್ರ ಗಡಿಯಾರ ನೋಡಿ ಬೇರೆ ಲೆಕ್ಕ ಹಾಕಬೇಕು.

ಮೂರನೇದು ಚಳಿ. ಅಲ್ಲ, ಬಿಸಿ. ಎರಡೂ. ದಾರಿಯಲ್ಲಿ ಮೈನಸ್ 60 ಡಿಗ್ರಿ ಸುತ್ತಮುತ್ತ ಹಾದು ಹೋಗಬೇಕು. ಮೇಲೆ ಗಾಳಿಯ ಒತ್ತಡ ನೆಲದಲ್ಲಿರೋದರ ನೂರನೇ ಒಂದು ಭಾಗಕ್ಕಿಂತ ಕಮ್ಮಿ. ಗಾಳಿಯೇ ಇಲ್ಲದ ಮೇಲೆ ಚಿಪ್‌ನ ಶಾಖ ಒಯ್ಯೋರು ಯಾರು? ಹೊರಗೆ ಕೊರೆಯೋ ಚಳಿ, ಒಳಗೆ ಸರ್ಕ್ಯೂಟ್ ಬೇಯುತ್ತೆ. ಸೆನ್ಸರಿನ ರೀಡಿಂಗೂ ತಾಪಮಾನದ ಜೊತೆ ಸರಿದಾಡುತ್ತೆ, ಹಾಗಾಗಿ ಅದರ ಪಕ್ಕದಲ್ಲೇ ಒಂದು ಥರ್ಮಾಮೀಟರ್ ಕಡ್ಡಾಯ. ಹಾರಾಟಕ್ಕೆ ಮೊದಲು ಹ್ಯಾಸ್ಪ್ ತಂಡಗಳು ಟೆಕ್ಸಾಸಿನ ಪ್ಯಾಲೆಸ್ಟೈನ್ ಊರಿನ ಬಲೂನ್ ಕೇಂದ್ರದಲ್ಲಿ ಡಬ್ಬಿಯನ್ನ ಥರ್ಮಲ್ ವ್ಯಾಕ್ಯೂಮ್ ಚೇಂಬರ್‌ಗೆ ಇಡಬೇಕು. ಗಾಳಿ ತೆಗೀತಾರೆ, ತಂಪು ಮಾಡ್ತಾರೆ, ಕಾಯಿಸ್ತಾರೆ. ಈ ಹಂತದಲ್ಲಿ ಪಾಸಾಗದ ಡಬ್ಬಿಗೆ ಬಲೂನಿನಲ್ಲಿ ಜಾಗ ಇಲ್ಲ, ವರ್ಷವಿಡೀ ಬೆಸುಗೆ ಹಾಕಿದ್ರೂ ಅಷ್ಟೇ.

ಇದೆಲ್ಲ ಅಮೆರಿಕದ ಮಾತಾಯ್ತು ಅನ್ನೋರಿಗೆ: ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕ್ರೆಸ್ಟ್ ಕ್ಯಾಂಪಸ್ಸಿನಿಂದ ಹಗುರ ಪೇಲೋಡಿನ ಬಲೂನುಗಳನ್ನ ಹಾರಿಸಿದೆ. ಅವರ ಗುರಿಗಳಲ್ಲೂ ವಾತಾವರಣದ ಯುವಿ ಇದೆ. ಇಲ್ಲಿ ತಲೆನೋವು ಸ್ವಲ್ಪ ಬೇರೆ. ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರ್ತಾನೆ. ಡಬ್ಬಿಯ ನೆತ್ತಿ ಮೇಲೆ ಇರೋದು ಬಲೂನು, ಮೇಲೇರಿದಷ್ಟೂ ಅದು ಹಿಗ್ಗುತ್ತೆ. ಅಂದ್ರೆ ನೀವು ಅಳೀಬೇಕಾದ ಬಿಸಿಲಿಗೆ ನಿಮ್ಮ ಬಲೂನೇ ಕೊಡೆ! ಉದ್ದ ಹಗ್ಗ ಕಟ್ಟಬೇಕು, ಇಲ್ಲಾ ಬೆಳಿಗ್ಗೆಯೇ ಬಿಡಬೇಕು.

ಜಿಪಿಎಸ್ ಬಗ್ಗೆ ಒಂದು ಮಾತು, ಸ್ವಂತವಾಗಿ ಮಾಡೋರಿಗೆ. ಎಷ್ಟೋ ರಿಸೀವರ್‌ಗಳು 18 ಕಿಲೋಮೀಟರ್ ದಾಟಿದ್ರೆ ಎತ್ತರ ಹೇಳೋದನ್ನೇ ನಿಲ್ಲಿಸುತ್ವೆ. ಕೆಲವದರಲ್ಲಿ ಸೆಟ್ಟಿಂಗ್ ಬದಲಾಯಿಸಬೇಕು, ಕೆಲವದರಲ್ಲಿ ಆಗೋದೇ ಇಲ್ಲ. ಓಝೋನ್ ದಟ್ಟವಾಗೋದು ಸರಿಯಾಗಿ ಅಲ್ಲಿಂದ ಮೇಲೆ. ಬಲೂನು ಬಿಡೋಕೆ ಅನುಮತಿಯೂ ಬೇಕು, ಅದು ಇನ್ನೊಂದು ಕಂತಿಗಾಗುವಷ್ಟಿದೆ.

ಹಾರಿಸೋ ದಿನ ಇಂಥದ್ದೇ ಇನ್ನೊಂದು ಸೆನ್ಸರ್ ಜೋಡಿಯನ್ನ ನೆಲದ ಮೇಲೆ, ಬಯಲಲ್ಲಿ, ಅದೇ ಗಡಿಯಾರಕ್ಕೆ ಹೊಂದಿಸಿ ಇಟ್ಟಿರಿ. ಅದಕ್ಕೆ ಒಬ್ಬರು ಕಾವಲು ಕೂರಬೇಕು. ಬಲೂನು ಏರೋ ದಿನ ಆ ಕೆಲಸಕ್ಕೆ ಯಾರೂ ಕೈ ಎತ್ತಲ್ಲ, ಹೆಸರನ್ನ ಮೊದಲೇ ಬರೆದಿಟ್ಕೊಳ್ಳಿ.