ಸಸಿಮಡಿಯ ಮಣ್ಣನ್ನು ಹದಗೊಳಿಸುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮದ ಯಜಮಾನರ ಸಭೆಯಲ್ಲಿ ಮಾಡಿದ ಭಾಷಣ)



ರೋಹಿಣಿ ಮಳೆಯಲ್ಲಿ ಮಡಿಗೆ ಚೆಲ್ಲಿದ ಮೆಣಸಿನಕಾಯಿಯ ಬೀಜವು 40 ರಿಂದ 45 ದಿನಗಳಿಗೆ, ಅಂದರೆ ಪುನರ್ವಸು ಮಳೆಯ ಹೊತ್ತಿಗೆ, ನಾಟಿಗೆ ಬರುವುದು. ಸಸಿಯೂ ಹೊಲವೂ ಏಕಕಾಲಕ್ಕೆ ಸಿದ್ಧವಾಗಿದ್ದರೆ ಮಾತ್ರ ಬೆಳೆ ಕೈಗೆ ಹತ್ತುವುದು. ಬೀಜ ಮೊಳೆತು ಎರಡೆಲೆಯಾದ ಮೇಲೆ ಸಸಿಗಳು ಬುಡದಲ್ಲಿ ಕೊಳೆತು ಮಡಿಯ ತುಂಬ ಮಲಗಿಬಿಟ್ಟರೆ, ಬೀಜವನ್ನೇನೋ ಮತ್ತೊಮ್ಮೆ ಕೊಂಡು ತರಬಹುದು. ಕಳೆದ 20 ದಿನಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳುವಂತಿಲ್ಲ. ಹೀಗಾದಾಗ ರೈತನು ಬೀಜ ಮಾರಿದವನನ್ನು ದೂರುವನು. ನೆರೆಹೊರೆಯವರು ದೃಷ್ಟಿ ತಾಕಿತೆನ್ನುವರು. ಆದರೆ ಬಹಳ ಸಾರಿ ದೋಷವಿರುವುದು ಮಡಿಗೆ ಹಾಕಿದ ಮಣ್ಣಿನಲ್ಲಿಯೇ.

ಸಸಿಯ ಬುಡವನ್ನು ಕೊಳೆಸುವುದು ಮುಖ್ಯವಾಗಿ ಪಿತಿಯಂ ಎಂಬ, ಕಣ್ಣಿಗೆ ಕಾಣದ, ಬೂಷ್ಟಿನಂಥ ಜೀವಿ. ಇದರ ಜಾತಿಗಳ ವಿಚಾರವಾಗಿ ಎಡ್ವಿನ್ ಜಾನ್ ಬಟ್ಲರ್ ಎಂಬ ವಿಜ್ಞಾನಿಯು ಭಾರತದಲ್ಲಿ ಕೆಲಸ ಮಾಡುತ್ತಿದ್ದಾಗ 1907ರಲ್ಲಿಯೇ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದನು. ಇದರ ಸಂತಾನಕಣಗಳು ಮಣ್ಣಿನಲ್ಲಿ ನಿಂತ ನೀರಿನಲ್ಲಿ ಈಜಿಕೊಂಡು ಹೋಗಿ ಎಳೆಯ ಬೇರನ್ನು ಹಿಡಿಯುವುವು. ಆದಕಾರಣ ನೀರನ್ನು ಕುಡಿದು ಮಿಕ್ಕಿದ್ದನ್ನು ಕೆಳಕ್ಕೆ ಬಿಟ್ಟುಕೊಡುವ ಮಣ್ಣಿನಲ್ಲಿ ಇದರ ಬಲ ಕುಗ್ಗುವುದು; ಜಿಗುಟು ಮಣ್ಣಿನಲ್ಲಿಯೂ ಹಸಿಗೊಬ್ಬರದಲ್ಲಿಯೂ ಹೆಚ್ಚುವುದು. ಸಸಿ ಸೊರಗಿದೆಯೆಂದು ಇನ್ನಷ್ಟು ಗೊಬ್ಬರವನ್ನೂ ಇನ್ನಷ್ಟು ನೀರನ್ನೂ ಕೊಡುವವನು ಶತ್ರುವಿಗೆ ಊಟವಿಕ್ಕಿದಂತೆಯೇ ಸರಿ.

ಮಡಿಯ ಮಣ್ಣು ಮೂರು ಕೆಲಸ ಮಾಡಬೇಕು: ಬೇರನ್ನು ಹಿಡಿದು ನಿಲ್ಲಿಸಬೇಕು, ಬೇರಿಗೆ ಗಾಳಿ ಕೊಡಬೇಕು, ಮಿತವಾದ ಆಹಾರವನ್ನು ಒದಗಿಸಬೇಕು. ಒಂದೇ ಪದಾರ್ಥವು ಈ ಮೂರನ್ನೂ ಮಾಡಲಾರದಾದ್ದರಿಂದ ಮಿಶ್ರಣವು ಅವಶ್ಯಕವಾಗುವುದು. ಇಂಗ್ಲೆಂಡಿನ ಮರ್ಟನ್ ಎಂಬಲ್ಲಿದ್ದ ಜಾನ್ ಇನ್ನೆಸ್ ತೋಟಗಾರಿಕೆಯ ಸಂಸ್ಥೆಯಲ್ಲಿ ಸಸಿಗಳು ಹೀಗೆಯೇ ಸಾಯುತ್ತಿದ್ದುದರಿಂದ, ಲಾರೆನ್ಸ್ ಮತ್ತು ನ್ಯೂವೆಲ್ ಎಂಬವರು 1930ರ ದಶಕದಲ್ಲಿ ಈ ವಿಷಯವನ್ನು ಪರೀಕ್ಷಿಸಿದರು. ಅದುವರೆಗೆ ಅಲ್ಲಿಯ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಗುಟ್ಟಿನ ಮಿಶ್ರಣವನ್ನು ಇಟ್ಟುಕೊಂಡಿದ್ದರು. ಇವರು ಎರಡು ಪಾಲು ಒಳ್ಳೆಯ ಮಣ್ಣು, ಒಂದು ಪಾಲು ಜವುಗುನೆಲದ ಕೊಳೆತ ಪಾಚಿ, ಒಂದು ಪಾಲು ಮರಳು, ಇಷ್ಟನ್ನು ಸೇರಿಸಿ, ಮಣ್ಣನ್ನು ಮಾತ್ರ ಹಬೆಯಲ್ಲಿ ಕಾಯಿಸಿ, ಅಲ್ಪಪ್ರಮಾಣದ ರಂಜಕದ ಗೊಬ್ಬರವನ್ನೂ ಸುಣ್ಣದ ಪುಡಿಯನ್ನೂ ಕೂಡಿಸಿ, ಬಹುತೇಕ ಎಲ್ಲ ಬೀಜಗಳಿಗೂ ಒಂದೇ ಮಿಶ್ರಣವು ಸಾಕೆಂದು ತೋರಿಸಿದರು. ಆ ಪಾಚಿ ಇಲ್ಲಿ ದೊರೆಯದು, ಬೇಕಾಗಿಯೂ ಇಲ್ಲ. ಅದರ ಸ್ಥಾನದಲ್ಲಿ ಮಾಗಿದ ಕೊಟ್ಟಿಗೆಗೊಬ್ಬರವಿದೆ.

ಮಣ್ಣಿನ ವಿಚಾರ. ಕೆಮ್ಮಣ್ಣಿನ ಸೀಮೆಯಲ್ಲಿ ಹೊಲದ ಮೇಲ್ಮಣ್ಣೇ ಉತ್ತಮ. ಆದರೆ ಹಿಂದಿನ ವರ್ಷ ಮೆಣಸಿನಕಾಯಿ, ಬದನೆ, ಟೊಮೇಟೊ ಅಥವಾ ಹೊಗೆಸೊಪ್ಪು ಬೆಳೆದ ಜಾಗದ ಮಣ್ಣನ್ನು ತರಕೂಡದು. ಇವೆಲ್ಲವೂ ಒಂದೇ ಕುಲದ ಗಿಡಗಳಾದ್ದರಿಂದ ಒಂದರ ರೋಗವು ಇನ್ನೊಂದಕ್ಕೆ ಹತ್ತುವುದು. ಕೆರೆಯ ಗೋಡಿನ ಮೇಲೆ ರೈತರಿಗೆ ಬಹಳ ನಂಬಿಕೆಯುಂಟು. ಹೊಲಕ್ಕಾದರೆ ಆ ನಂಬಿಕೆ ಸರಿಯಾದುದೇ. ಸಸಿಮಡಿಗೆ ಮಾತ್ರ ಕೆರೆಯಿಂದ ತೆಗೆದ ಗೋಡನ್ನು ಹಸಿಯಾಗಿ ಹಾಕುವುದು ಅಪಾಯಕರ. ನೀರಿನಡಿಯಲ್ಲಿ ವರ್ಷಗಟ್ಟಲೆ ಗಾಳಿಯಿಲ್ಲದೆ ಬಿದ್ದಿದ್ದ ಆ ಜೇಡಿಯು ಒಣಗಿದರೆ ಬಿರಿಯುವುದು, ನೆನೆದರೆ ಅಂಟಾಗುವುದು. ಅದನ್ನು ಬಯಲಿನಲ್ಲಿ ತೆಳ್ಳಗೆ ಹರಡಿ, ಒಂದು ಬೇಸಗೆಯ ಬಿಸಿಲನ್ನು ಉಣ್ಣಿಸಿ, ಹೆಂಟೆಗಳನ್ನು ಕೊಡತಿಯಿಂದ ಒಡೆದು ಜರಡಿ ಹಿಡಿದ ಮೇಲೆ ಉಪಯೋಗಿಸಬಹುದು.

ಗ್ರಾಮದ ಯಜಮಾನರು ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಕೆರೆ ಬತ್ತಿರುವ ದಿನಗಳು ಕೆಲವೇ. ಆ ದಿನಗಳಲ್ಲಿ ಸ್ವಂತ ವಾಹನವುಳ್ಳವರು ಗೋಡನ್ನು ಹೇರಿಕೊಂಡು ಹೋಗುವುದೂ, ತಲೆಯ ಮೇಲೆ ಹೊರುವ ಸಣ್ಣ ರೈತನ ಪಾಲಿಗೆ ಗುಂಡಿಗಳು ಮಾತ್ರ ಉಳಿಯುವುದೂ ಅನೇಕ ಊರುಗಳಲ್ಲಿ ನಡೆಯುತ್ತದೆ. ತಕ್ಕ ಅನುಮತಿಯನ್ನು ಪಡೆದು, ಏರಿಯ ಬುಡದಿಂದ ದೂರದಲ್ಲಿ, ಆಳವಾಗಿ ತೋಡದೆ ಮೇಲುಮೇಲಿನ ಗೋಡನ್ನು ಕೆರೆದು ತೆಗೆಯಿಸಿ, ಊರ ಮುಂದೆ ಒಂದು ರಾಶಿ ಹಾಕಿಸಿ ಹಂಚಿದರೆ, ಏರಿಗೂ ಕ್ಷೇಮ, ಜಗಳಕ್ಕೂ ಎಡೆಯಿಲ್ಲ.

ಗೊಬ್ಬರವು ಮಾಗಿದೆಯೇ ಇಲ್ಲವೇ ಎಂಬುದನ್ನು ಮೂಗೇ ಹೇಳಬಲ್ಲುದು. ಸಗಣಿಯ ವಾಸನೆಯಾಗಲಿ, ಕಣ್ಣುರಿಯುವ ಘಾಟಾಗಲಿ ಇದ್ದರೆ ಅದು ಹಸಿ. ತಿಪ್ಪೆಯೊಳಗೆ ಕೈಯಿಟ್ಟಾಗ ತಣ್ಣಗಿದ್ದು, ಹುಲ್ಲಿನ ಎಸಳುಗಳು ಗುರುತಿಗೆ ಸಿಕ್ಕದೆ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಅದು ಮಾಗಿದ ಗೊಬ್ಬರ. ತೆಂಗಿನ ಸೀಮೆಯವರು ನಾರು ತೆಗೆದು ಉಳಿದ ಪುಡಿಯನ್ನು ಸೇರಿಸುವುದುಂಟು. ಅದು ನೀರು ಹಿಡಿಯುವುದರಲ್ಲಿ ಬಹು ಚೆನ್ನು. ಆದರೆ ಹಸಿಯಾದ ಪುಡಿಯಲ್ಲಿ ಉಪ್ಪೂ ಒಗರೂ ಇರುವುವು. ಅದು ಕೊಳೆಯುವಾಗ ಸಸಿಗೆ ಸಲ್ಲತಕ್ಕ ಸಾರಜನಕವನ್ನು ತಾನೇ ಕಬಳಿಸಿ ಸಸಿಯನ್ನು ಹಳದಿಯಾಗಿಸುವುದು. ಚೆನ್ನಾಗಿ ತೊಳೆದು, ಸಗಣಿಯೊಡನೆ ಕೊಳೆಸಿಯೇ ಬಳಸಬೇಕು. ಮರದ ಹೊಟ್ಟಿಗೂ ಇದೇ ಮಾತು. ಒಲೆಯ ಬೂದಿಯನ್ನು ಗೊಬ್ಬರದ ರಾಶಿಗೆ ಸುರಿಯುವ ವಾಡಿಕೆಯನ್ನು ಬಿಡುವುದು ಒಳ್ಳೆಯದು. ಬೂದಿಯ ಕ್ಷಾರವು ತಗುಲಿದೊಡನೆ ಸಾರಜನಕವು ಆವಿಯಾಗಿ ಗಾಳಿಗೆ ಸೇರಿಹೋಗುವುದು.

ಮರಳು ದಪ್ಪಕಾಳಿನದಾಗಿರಬೇಕು. ನುಣ್ಣನೆಯದು ಮಣ್ಣಿನ ರಂಧ್ರಗಳನ್ನು ಮುಚ್ಚುವುದೇ ಹೊರತು ತೆರೆಯುವುದಿಲ್ಲ. ಯಂತ್ರದಲ್ಲಿ ಕಲ್ಲು ಪುಡಿಮಾಡಿದ ಮರಳಾದರೆ ದೂಳು ಹೋಗುವಂತೆ ತೊಳೆಯಬೇಕು. ಮರಳು ಸಿಕ್ಕದಲ್ಲಿ ಕಪ್ಪಗೆ ಸುಟ್ಟ, ಬೂದಿಯಾಗದ, ಭತ್ತದ ಹೊಟ್ಟು ಆ ಕೆಲಸವನ್ನು ಮಾಡುವುದು.

ಅಳತೆಗೆ ಮನೆಯ ಮಂಕರಿಯೇ ಸಾಕು. ಕೆಮ್ಮಣ್ಣಾದರೆ ಎರಡು ಮಂಕರಿ ಮಣ್ಣಿಗೆ ಒಂದು ಮಂಕರಿ ಗೊಬ್ಬರ, ಒಂದು ಮಂಕರಿ ಮರಳು. ಎರೆಮಣ್ಣಿಗೂ ಗೋಡಿಗೂ ಮೂರೂ ಸಮಪಾಲು. ಮರಳುಭೂಮಿಯವರು ಮರಳನ್ನು ಸೇರಿಸಬೇಕಾದುದಿಲ್ಲ. ಹತ್ತು ಮಂಕರಿ ಮಿಶ್ರಣಕ್ಕೆ ಪುಡಿಮಾಡಿದ ಬೇವಿನ ಹಿಂಡಿ ಅಥವಾ ಹೊಂಗೆಯ ಹಿಂಡಿ ಒಂದು ಕಿಲೋ ಸಾಕು. ಕೊಟ್ಟಿಗೆಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಸುಮಾರು ಅರ್ಧಪಾಲಿದ್ದರೆ ಹೊಂಗೆಯ ಹಿಂಡಿಯಲ್ಲಿ ಸುಮಾರು 4 ಪಾಲಿರುವುದರಿಂದ ಇದರಲ್ಲಿ ಧಾರಾಳತನವು ಸಲ್ಲದು. ಬೇವಿನ ಹಿಂಡಿಯು ಬೇರುಗಂಟಿನ ಹುಳುವನ್ನೂ ತಗ್ಗಿಸುವುದು. ಮಲೆನಾಡಿನ ಹುಳಿಮಣ್ಣಿಗೆ ಅರ್ಧ ಕಿಲೋ ಮೂಳೆಯ ಪುಡಿಯೂ ಹಿತ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಅದು ಕರಗದಾದ್ದರಿಂದ ಹಣ ವ್ಯರ್ಥ. ಯೂರಿಯಾವನ್ನು ಈ ಮಿಶ್ರಣಕ್ಕೆ ಸರ್ವಥಾ ಸೇರಿಸಕೂಡದು.

ಹೀಗೆ ಬೆರಸಿದ ಕೂಡಲೇ ಬೀಜ ಹಾಕಿದರೆ ಹಿಂಡಿಯು ಕಾವೇರಿ ಬೂಷ್ಟು ಹಿಡಿದು ಮೊಳಕೆಯನ್ನು ಕೆಡಿಸುವುದು. ಆದುದರಿಂದ ಯುಗಾದಿ ಕಳೆದೊಡನೆ ಮಿಶ್ರಣವನ್ನು ಮಾಡಿ, ಚೆನ್ನಾಗಿ ನೆನೆಸಿ, ಬಿಸಿಲು ಬೀಳುವ ಕಡೆಯಲ್ಲಿ ಗೇಣಿಗಿಂತ ದಪ್ಪವಿಲ್ಲದಂತೆ ಹರಡಿ, ತಿಳಿಯಾದ ಪಾಲಿಥೀನ್ ಹಾಳೆಯನ್ನು ಹೊದಿಸಿ ಅಂಚಿಗೆ ಮಣ್ಣು ಮುಚ್ಚಬೇಕು. ನಾಲ್ಕರಿಂದ ಆರು ವಾರಗಳ ಬಿಸಿಲಿನಲ್ಲಿ ಹಿಂಡಿಯೂ ಮಾಗುವುದು, ರೋಗದ ಬೀಜವೂ ಕಳೆಯ ಬೀಜವೂ ಬೇಯುವುದು. ಇಸ್ರೇಲಿನ ವಿಜ್ಞಾನಿಗಳು 1976ರಲ್ಲಿ ಪ್ರಕಟಿಸಿದ ಉಪಾಯವಿದು. ಕಪ್ಪು ಹಾಳೆಯು ಇಷ್ಟು ಕಾವನ್ನು ಒಳಕ್ಕೆ ಬಿಡದು. ಮಡಿಯ ಮೇಲೆ ಸೊಪ್ಪುಸದೆಯನ್ನು ಸುಡುವ ಹಳೆಯ ಕ್ರಮದಲ್ಲಿ ಮೇಲಿನ ಒಂದೆರಡು ಅಂಗುಲ ಮಾತ್ರ ಕಾಯುವುದು. ಹಾಳೆ ತೆಗೆದು ಒಂದು ವಾರ ಗಾಳಿಗೆ ಬಿಟ್ಟ ಮೇಲೆ, ದೊರೆತರೆ, ಟ್ರೈಕೋಡರ್ಮಾ ಎಂಬ ಉಪಕಾರಿಯಾದ ಬೂಷ್ಟನ್ನು ಸ್ವಲ್ಪ ಗೊಬ್ಬರದೊಡನೆ ಬೆರಸಬಹುದು.

ಬಿತ್ತುವ ಮುಂಚೆ ಎರಡು ಪರೀಕ್ಷೆಗಳುಂಟು. ತೇವದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳು ತಾಕಿಸಿದರೆ ಉದುರಬೇಕು. ಉದುರದಿದ್ದರೆ ಮರಳು ಸಾಲದು. ಉಂಡೆಯೇ ಆಗದಿದ್ದರೆ ಗೊಬ್ಬರ ಸಾಲದು. ಎರಡನೆಯದು, ಒಂದು ಹರಿವಾಣದಲ್ಲಿ ಈ ಮಿಶ್ರಣವನ್ನೂ ಇನ್ನೊಂದರಲ್ಲಿ ಹೊಲದ ಮಣ್ಣನ್ನೂ ಹಾಕಿ, ಎರಡಕ್ಕೂ ಹಿಡಿ ರಾಗಿಯನ್ನು ಚೆಲ್ಲಿ ಒಂದು ವಾರ ನೋಡುವುದು. ಮಿಶ್ರಣದ ಪೈರು ಹಳದಿಯಾಗಿ ಅಥವಾ ತೆಳುವಾಗಿ ಬಂದರೆ ಅದು ಇನ್ನೂ ಮಾಗಿಲ್ಲ. ಮತ್ತೆ ಎರಡು ವಾರ ರಾಶಿಯಲ್ಲಿಡಬೇಕು. ಹಿಡಿ ರಾಗಿಯ ಖರ್ಚಿನಲ್ಲಿ ಬೆಲೆಬಾಳುವ ಬೀಜವು ಉಳಿಯುವುದು.

ಮಡಿಯು ಗೇಣೆತ್ತರವೂ ಎರಡು ಮೊಳ ಅಗಲವೂ ಇರಲಿ. ಎರಡು ಬದಿಗಳಿಂದಲೂ ಕೈ ನಡುವಿಗೆ ನಿಲುಕುವುದರಿಂದ ಕಳೆ ಕೀಳಲು ಮಡಿಯನ್ನು ತುಳಿಯಬೇಕಾದುದಿಲ್ಲ. ಬೀಜವನ್ನು ಎರಚದೆ ನಾಲ್ಕು ಬೆರಳಿನ ಅಂತರದ ಗೆರೆಗಳಲ್ಲಿ ತೆಳ್ಳಗೆ ಬಿಟ್ಟು, ಇದೇ ಮಿಶ್ರಣವನ್ನು ಜರಡಿ ಹಿಡಿದು ಬೀಜದ ಎರಡರಷ್ಟು ದಪ್ಪಕ್ಕೆ ಮುಚ್ಚಿ, ಹುಲ್ಲು ಹೊದಿಸಬೇಕು. ಮೊಳಕೆ ಕಂಡ ದಿನವೇ ಹುಲ್ಲನ್ನು ತೆಗೆಯಬೇಕು. ನೀರನ್ನು ಬೆಳಿಗ್ಗೆ ಕೊಡುವುದು ಲೇಸು, ಸಂಜೆ ಕೊಟ್ಟರೆ ರಾತ್ರಿಯೆಲ್ಲ ಬುಡವು ನೆನೆದಿರುವುದು. ಮಿಕ್ಕ ಮಿಶ್ರಣವನ್ನು ಮಳೆ ಬೀಳದ ಕಡೆ ಗೋಣಿ ಮುಚ್ಚಿ ಇಟ್ಟರೆ, ಹುಸಿಹೋದ ಗೆರೆಗಳಿಗೂ ಹಿಂಗಾರಿನ ಬದನೆಯ ಮಡಿಗೂ ಒದಗುವುದು.