ಆಟೋಸ್ಟಾರ್ಟರಿಗೊಂದಿಷ್ಟು ಬುದ್ಧಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರಗಳಲ್ಲಿ ಪಂಪ್‌ಸೆಟ್ಟಿಗೆ ಆಟೋಸ್ಟಾರ್ಟರ್ ಹಾಕಿಸಿದವರಿಗೆ ಅದರ ಸುಖ ಗೊತ್ತು; ಎಚ್.ಡಿ.ಕೋಟೆಯ ಕಾಡಂಚಿನಲ್ಲಂತೂ ಆನೆಯ ಭಯದಲ್ಲಿ ರಾತ್ರಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಆದರೆ ಕರೆಂಟ್ ಬಂದೊಡನೆ ಒಂದೇ ಟ್ರಾನ್ಸ್‌ಫಾರ್ಮರ್‌ನ ಮೋಟಾರುಗಳೆಲ್ಲ ಒಟ್ಟಿಗೆ ಚಾಲೂ ಆದರೆ? ಆ ಗಳಿಗೆಯಲ್ಲಿ ಪ್ರತಿ ಮೋಟಾರೂ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಎಲ್ಲರ ಬೆಳೆಯೂ ಒಣಗುತ್ತದೆ.

ಕಂಪ್ಯೂಟರುಗಳಿಗೂ ಇಂಥದೇ ತೊಡಕಿತ್ತು: ಒಂದೇ ತಂತಿಯಲ್ಲಿ ಎರಡು ಒಟ್ಟಿಗೆ ಮಾತಾಡಿದರೆ ಎರಡರ ಸಂದೇಶವೂ ಕೆಡುತ್ತಿತ್ತು. 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಮುಂದಿಟ್ಟ ಈಥರ್‌ನೆಟ್‌ನಲ್ಲಿ ಮೇಸ್ತ್ರಿಯೇ ಇರಲಿಲ್ಲ. ಡಿಕ್ಕಿಯಾದರೆ ಪ್ರತಿಯೊಂದೂ ಚೀಟಿ ಎತ್ತಿದಂತೆ ತನ್ನ ಪಾಲಿಗೆ ಬಂದಷ್ಟು ಹೊತ್ತು ಕಾಯುತ್ತಿತ್ತು. ಮತ್ತೆ ಡಿಕ್ಕಿಯಾದರೆ ಕಾಯುವ ಮಿತಿ ಹೆಚ್ಚುತ್ತಿತ್ತು. ಆಟೋಸ್ಟಾರ್ಟರಿಗೂ ಇಷ್ಟು ಬುದ್ಧಿ ಸಾಕು. ಕಾಯುವ ಹೊತ್ತನ್ನು ಹೊಂದಿಸುವ ಸೌಕರ್ಯ ಕೆಲವದರಲ್ಲಿ ಈಗಾಗಲೇ ಇದೆ. ಒಂದು ಟ್ರಾನ್ಸ್‌ಫಾರ್ಮರ್‌ನವರೆಲ್ಲ ಕೂತು, ಬೇರೆ ಬೇರೆ ಹೊತ್ತು ಇಟ್ಟುಕೊಳ್ಳಬೇಕಷ್ಟೆ.